ಸ್ವಾಲ್ಬಾರ್ಡ್‌ನಲ್ಲಿ ಹಳೆಯ ಚಿಪ್ಪು ಆರಿಸಿದ್ದು

ಹಳೆಯ ಕಡಲತಳದ ವಯಸ್ಸು ತಿಳಿಯಬೇಕಾದರೆ ಚಿಪ್ಪು ಬೇಕು. ಅದರೊಳಗಿನ ಕಾರ್ಬನ್ ಅಳೆದು ವಯಸ್ಸು ಲೆಕ್ಕ ಹಾಕುತ್ತೇವೆ. ಹಾಗಂತ ಸಿಕ್ಕಿದ್ದೆಲ್ಲ ಆಗುವುದಿಲ್ಲ. ಉತ್ತರ ಧ್ರುವದ ಹತ್ತಿರ ನಾರ್ವೆಗೆ ಸೇರಿದ ಸ್ವಾಲ್ಬಾರ್ಡ್ ದ್ವೀಪಗಳ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲಕೊಲ್ಲಿಯ ದಂಡೆಯಲ್ಲಿ ಯಾವುದನ್ನು ಬಿಡಬೇಕು ಎಂದು ನೋಡುವುದರಲ್ಲೇ ನನ್ನ ಹೊತ್ತು ಜಾಸ್ತಿ ಹೋಗುತ್ತಿತ್ತು. ನಮ್ಮ ನೆಲೆ ನ್ಯೂ ಓಲೆಸುಂಡ್. 2008ರಲ್ಲಿ ಶುರುವಾದ ಭಾರತದ ಹಿಮಾದ್ರಿ ಕೇಂದ್ರ ಇರುವುದೂ ಅಲ್ಲೇ.

ಹಿಮಯುಗದಲ್ಲಿ ಮಂಜಿನ ಭಾರಕ್ಕೆ ಇಲ್ಲಿನ ನೆಲ ಕುಸಿದಿತ್ತು. ಮಂಜು ಕರಗಿದ ಮೇಲೆ ಮೆಲ್ಲಗೆ ಎದ್ದಿತು. ಅದಕ್ಕೇ ಹಳೆಯ ಕಡಲಂಚುಗಳು ಈಗ ನೀರಿನಿಂದ ಹತ್ತಾರು ಮೀಟರ್ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ನಿಂತಿವೆ.

ಮೆಟ್ಟಿಲ ಮೇಲೆ ಚೆಲ್ಲಿದ ಚಿಪ್ಪು ನಾನು ಮುಟ್ಟುವುದಿಲ್ಲ. ಅಲೆಯೋ ಹಿಮನದಿಯೋ ಎಲ್ಲಿಂದ ತಂದು ಹಾಕಿತೋ, ಹೇಗೆ ಹೇಳುವುದು? ಹೊಳೆ ಕೊರೆದ ದಿಬ್ಬದ ಗೋಡೆಗೆ ಹೋಗಿ ಕರಣೆಯಿಂದ ಮೇಲ್ಮಣ್ಣು ಕೆರೆಯುತ್ತೇನೆ. ಹಿಮಕರಡಿ ಬಂದೀತೆಂದು ಒಬ್ಬರು ಬಂದೂಕು ಹಿಡಿದು ಕಾವಲು ಕಾಯುತ್ತಾರೆ. ಬೇಸಿಗೆಯಲ್ಲೂ ಸ್ವಲ್ಪ ಒಳಗೆ ಹೋದರೆ ಮಣ್ಣು ಹೆಪ್ಪುಗಟ್ಟಿರುತ್ತದೆ, ಕರಣೆ ಠಣ್ ಅನ್ನುತ್ತದೆ.

ನಾನು ಹುಡುಕುವುದು ಮೈಯಾ ಟ್ರಂಕಾಟಾ ಎಂಬ ಎರಡು ಕದದ ಚಿಪ್ಪು. ಅದರ ಒಂದು ತುದಿ ಕತ್ತರಿಸಿದ ಹಾಗೆ ಮೊಂಡು. ಎರಡೂ ಕದ ಮುಚ್ಚಿಕೊಂಡು, ಮೊಂಡು ತುದಿ ಮೇಲೆ ಮಾಡಿ ಕೆಸರಲ್ಲಿ ನೆಟ್ಟಗೆ ನಿಂತಿದ್ದರೆ ಅದು ಬದುಕಿದ್ದ ಜಾಗದಲ್ಲೇ ಸತ್ತಿದೆ ಎಂದರ್ಥ. ತುದಿಗೆ ಕಂದು ಬಣ್ಣದ ಸುಕ್ಕು ಸಿಪ್ಪೆ ಇನ್ನೂ ಅಂಟಿದ್ದರಂತೂ ಹಬ್ಬ! ಮೊದಲು ಫೋಟೋ, ಎತ್ತರ, ಪದರದ ಗುರುತು, ಆಮೇಲೆ ಕೀಳುವುದು. ಪೂರ್ತಿ ಒಣಗಿಸಿಯೇ ಚೀಲಕ್ಕೆ ಹಾಕುತ್ತೇನೆ. ಬೂಸ್ಟು ಹಿಡಿದರೆ ಇವತ್ತಿನ ಕಾರ್ಬನ್ ಸೇರಿಕೊಂಡು ಲೆಕ್ಕ ಕೆಡುತ್ತದೆ.

ಪೋರ್ಟ್‌ಲ್ಯಾಂಡಿಯಾ ಆರ್ಕ್ಟಿಕಾ ಎಂಬ ಪುಟ್ಟ ಚಿಪ್ಪು ನೋಡಲು ಚೆಂದ, ಆದರೆ ನಂಬುವ ಹಾಗಿಲ್ಲ. ಅದು ಕೆಸರು ತಿಂದು ಬದುಕುವ ಪ್ರಾಣಿ. ಕೆಸರಲ್ಲಿ ಸುಣ್ಣಕಲ್ಲಿನ ಪುರಾತನ ಕಾರ್ಬನ್ ಇದ್ದರೆ ವಯಸ್ಸು ಇರುವುದಕ್ಕಿಂತ ಜಾಸ್ತಿ ಬರುತ್ತದೆ. ಮೈಯಾ ನೀರು ಸೋಸಿ ತಿನ್ನುತ್ತದೆ, ಹಾಗಾಗಿ ವಾಸಿ. ಆದರೂ ಕಡಲ ನೀರಿನ ಕಾರ್ಬನ್ನೇ ಹಳೆಯದು. ಅದಕ್ಕಾಗಿ ಬಂದ ವಯಸ್ಸಿನಿಂದ ಸುಮಾರು 400 ವರ್ಷ ಕಳೆಯಲೇಬೇಕು, ಜಾಗಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಮ್ಮಿ.

ನೀಲಿಕಲ್ಲು (ಬ್ಲೂ ಮಸೆಲ್) ಎಂಬ ಚಿಪ್ಪು ಸಿಕ್ಕರೆ ಬೇರೆಯೇ ಚೀಲ. ಒಡೆದ ಚೂರಲ್ಲೂ ನೇರಳೆ ಛಾಯೆ ಉಳಿದಿರುತ್ತದೆ. ಕಡಲು ಬೆಚ್ಚಗಿದ್ದಾಗ ಸ್ವಾಲ್ಬಾರ್ಡ್‌ನಲ್ಲಿ ಬದುಕಿದ್ದ ಇದು ಬಹಳ ಹಿಂದೆಯೇ ಇಲ್ಲವಾಯಿತು. 2004ರಲ್ಲಿ ಇಲ್ಲಿನ ಇಸ್‌ಫ್ಯೋರ್ಡ್ ಕೊಲ್ಲಿಯ ಬಾಯಲ್ಲಿ ಮತ್ತೆ ಜೀವಂತ ಸಿಕ್ಕಿತು. ಹಾಗಾಗಿ ನೀರಂಚಲ್ಲಿ ಬಿದ್ದ ನೀಲಿಕಲ್ಲನ್ನು ಸುಮ್ನೆ ಹಳೆಯದು ಅನ್ನುವಂತಿಲ್ಲ. ಪದರದ ಒಳಗಿಂದ ನಾನೇ ಕಿತ್ತಿದ್ದಷ್ಟೇ ಲೆಕ್ಕಕ್ಕೆ.