ಸಾರ್, ಇದನ್ನ ಯಾರ್ಯಾರು ನೋಡ್ತಾರೆ?

ಒಂಬತ್ತು ದಿನ, ಒಂಬತ್ತು ಸೊನ್ನೆ. ಪ್ರೊಬೇಷನ್ ಮೇಲಿದ್ದ, ಅಂದರೆ ಜೈಲಿನ ಬದಲು ಕೋರ್ಟಿನ ಷರತ್ತಿನ ಮೇಲೆ ಹೊರಗಿದ್ದ ಒಬ್ಬರ ಫೋನಿಗೆ ಆ್ಯಪ್ ಹಾಕಿಕೊಟ್ಟ ಮೇಲೆ ನನಗೆ ಕಂಡಿದ್ದು ಇಷ್ಟೇ. ಕುಡಿಯಬೇಕು ಅನ್ನೋ ಸೆಳೆತ ಎಷ್ಟಿದೆ, ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂತ ಆ್ಯಪ್ ದಿನಾ ಬೆಳಿಗ್ಗೆ ಕೇಳುತ್ತದೆ. ಅವರು ಒಂದು ದಿನವೂ ತಪ್ಪಿಸಲಿಲ್ಲ. ಪ್ರಶ್ನೆ ಬಂದ ಕೂಡಲೇ ಸೊನ್ನೆ ಒತ್ತಿಬಿಡುತ್ತಿದ್ದರು.

ನಾನು ವ್ಯಸನ ಚಿಕಿತ್ಸೆಯಲ್ಲಿ ಆಪ್ತಸಮಾಲೋಚಕ. ಹತ್ತಾರು ವರ್ಷ ಕುಡಿದು, ಬಿಟ್ಟು ಎರಡು ತಿಂಗಳೂ ಆಗದವರಿಗೆ ಸೆಳೆತವೇ ಇಲ್ಲ ಅಂದರೆ ಹೇಗೆ ನಂಬೋದು? ಮುಂದಿನ ಭೇಟಿಯಲ್ಲಿ ಕೇಳಿಯೇಬಿಟ್ಟೆ. ಅವರು ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆಮೇಲೆ ಮೆಲ್ಲಗೆ, "ಸಾರ್, ಇದನ್ನ ಯಾರ್ಯಾರು ನೋಡ್ತಾರೆ?" ಅಂದರು.

"ನಾನು, ಡಾಕ್ಟರು. ವಾರದ ವರದಿ ನಿಮ್ಮ ಪ್ರೊಬೇಷನ್ ಅಧಿಕಾರಿಗೂ ಹೋಗುತ್ತೆ."

"ಹಾಗಾದ್ರೆ ಸೊನ್ನೆನೇ ಸಾರ್" ಅಂತ ನಕ್ಕರು.

ತಪ್ಪು ನನ್ನದೇ. ವರದಿ ಯಾರಿಗೆ ಹೋಗಬೇಕು ಅನ್ನೋ ಸೆಟ್ಟಿಂಗ್ ಮೊದಲೇ ಆನ್ ಆಗಿತ್ತು, ನಾನು ಸುಮ್ನೆ ಹಾಗೇ ಬಿಟ್ಟಿದ್ದೆ. ಮತ್ತೆ ಕುಡಿದರೆ ಜೈಲು ಅನ್ನುವ ಷರತ್ತು ತಲೆಯ ಮೇಲಿರುವಾಗ, "ಇವತ್ತು ಎಂಟು" ಅಂತ ಯಾರು ತಾನೇ ಒತ್ತುತ್ತಾರೆ?

ಅಧಿಕಾರಿಯ ಜೊತೆ ಕೂತು ಮಾತಾಡಿದೆ. ಅವರಿಗೊಂದು ಹಳೆಯ ಕಥೆ ಹೇಳಿದೆ. 1841ರಲ್ಲಿ ಬಾಸ್ಟನ್‌ನಲ್ಲಿ ಜಾನ್ ಆಗಸ್ಟಸ್ ಅನ್ನೋ ಬೂಟು ಹೊಲಿಯುವವರು ಕೋರ್ಟಿಗೆ ಹೋಗಿ ಒಬ್ಬ ಕುಡುಕನಿಗೆ ಜಾಮೀನು ನಿಂತರು. ಮೂರು ವಾರ ಬಿಟ್ಟು ಕರೆತಂದಾಗ ಆತ ಕುಡಿತ ಬಿಟ್ಟು ಗುರುತೇ ಸಿಗದಷ್ಟು ಬದಲಾಗಿದ್ದ. ಜೈಲಿನ ಬದಲು ಒಂದು ಸೆಂಟ್ ದಂಡ ಮತ್ತು ಕೋರ್ಟ್ ಖರ್ಚು ಬಿತ್ತು. ಪ್ರೊಬೇಷನ್ ಬೆಳೆದದ್ದೇ ಅಲ್ಲಿಂದ. ಅಧಿಕಾರಿ ನಕ್ಕು, "ಆಗಸ್ಟಸ್ ಹತ್ತಿರ ಇಷ್ಟೊಂದು ಕಡತ ಇರಲಿಲ್ಲ ಬಿಡಿ" ಅಂದರು. ಆದರೆ ವರದಿ ಕಡಿಮೆ ಮಾಡೋಕೆ ಒಪ್ಪಿದರು.

ಒಂದೇ ಹಾಳೆಯಲ್ಲಿ ಬರೆದುಕೊಂಡೆವು. ಭೇಟಿಗೆ ಬಂದರಾ, ಚಿಕಿತ್ಸೆ ಮುಂದುವರಿದಿದೆಯಾ, ಇಷ್ಟು ಅಧಿಕಾರಿಗೆ ಹೋಗುತ್ತದೆ. ಸೆಳೆತದ ಅಂಕಿ, ಡೈರಿ, ಮೆಸೇಜು, ಲೊಕೇಷನ್ ಹೋಗುವುದಿಲ್ಲ. ಕೋರ್ಟ್ ಹೇಳಿದ ಮೂತ್ರ ಪರೀಕ್ಷೆ ಅದರ ದಾರಿಯಲ್ಲಿ ಅದು. ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ನಾನು ಬಾಯಿ ಬಿಡುತ್ತೇನೆ. ಮೂವರೂ ಸಹಿ ಹಾಕಿದೆವು.

ಮರುವಾರ ಬಂದ ಅಂಕಿಗಳು: ಆರು, ನಾಲ್ಕು, ಏಳು, ಎಂಟು. ಸೆಳೆತ ಜಾಸ್ತಿಯಾಗಿದ್ದು ನೋಡಿ ಖುಷಿಪಡುವವನು ನಾನೊಬ್ಬನೇ ಇರಬೇಕು! ಒಂದು ತಿಂಗಳು ಕಳೆದಾಗ ಇನ್ನೊಂದು ವಿಷಯ ಕಂಡಿತು. ಅಂಕಿ ಏರುತ್ತಿದ್ದದ್ದು ಸಂಬಳದ ದಿನ ಅಲ್ಲ, ರಜೆಯ ದಿನವೂ ಅಲ್ಲ. ಅಧಿಕಾರಿಯ ಕಚೇರಿಗೆ ಹೋಗಬೇಕಾದ ದಿನ. ಹಿಂದಿನ ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಎದೆ ಡವಡವ, ಅದನ್ನು ತಣಿಸಲು ಅವರಿಗೆ ಗೊತ್ತಿದ್ದ ಔಷಧಿ ಒಂದೇ. ನನ್ನ ಭೇಟಿಯನ್ನು ಅದರ ಹಿಂದಿನ ಸಂಜೆಗೆ ತಂದೆವು. ಕಾಗದದ ಮೇಲೆ ಇದು ಎಂದೂ ನನಗೆ ಕಾಣುತ್ತಿರಲಿಲ್ಲ.

ಲೊಕೇಷನ್ ಎಚ್ಚರಿಕೆ ಮಾತ್ರ ಕೈಕೊಟ್ಟಿತು. ಬಾರಿನ ಹತ್ತಿರ ಹೋದರೆ ಫೋನ್ ನಡುಗಬೇಕು ಅನ್ನೋದು ಲೆಕ್ಕ. ಅವರ ಮನೆಗೆ ಹೋಗುವ ದಾರಿಯಲ್ಲೇ ಬಾರ್ ಇತ್ತು. ದಿನಾ ಸಂಜೆ ಜೇಬಿನಲ್ಲಿ ಗುರ್ ಗುರ್. "ಮರೆತಿದ್ರೂ ಇದೇ ನೆನಪು ಮಾಡುತ್ತೆ ಸಾರ್" ಅಂದರು. ತೆಗೆಸಿಬಿಟ್ಟೆ. ಇಂಥದ್ದು ಎಲ್ಲರಿಗೂ ಕೆಲಸಕ್ಕೆ ಬರಲ್ಲ ಅಂತಲ್ಲ. ಇದೇ ಥರದ ಎಚ್ಚರಿಕೆಯಿದ್ದ ಎ-ಚೆಸ್ ಅನ್ನೋ ಆ್ಯಪನ್ನು ಅಮೆರಿಕದಲ್ಲಿ ಕುಡಿತದ ಚಿಕಿತ್ಸಾ ಕೇಂದ್ರದಿಂದ ಹೊರಬಂದ 349 ಜನರ ಮೇಲೆ ಪರೀಕ್ಷೆ ಮಾಡಿದ್ದರು. 2014ರಲ್ಲಿ ಫಲಿತಾಂಶ ಬಂತು. ಆ್ಯಪ್ ಸಿಕ್ಕವರಲ್ಲಿ ಅತಿಯಾಗಿ ಕುಡಿದ ದಿನಗಳು ತಿಂಗಳಿಗೆ ಸರಾಸರಿ 1.39, ಸಿಗದವರಲ್ಲಿ 2.75.

ನಮ್ಮ ಸೊನ್ನೆಯವರಿಗೆ ನಿಜವಾಗಿ ಒದಗಿದ್ದು ಆ್ಯಪಿನ ಸಹಾಯದ ಬಟನ್. ಸೆಳೆತ ಅಲೆಯ ಹಾಗೆ, ಏರಿ ತಾನಾಗಿಯೇ ಇಳಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ ದೂಡಿದರೆ ಸಾಕು. ಬಟನ್ ಒತ್ತಿದರೆ ಮೊದಲು ನನ್ನ ದನಿಯಲ್ಲಿ ಉಸಿರಾಟದ ಸೂಚನೆ ಬರುತ್ತಿತ್ತು. ಅದು ಬೇಡ ಅಂದರು. ಮನಸ್ಸು ಚೆನ್ನಾಗಿದ್ದ ಒಂದು ದಿನ ತಮ್ಮದೇ ದನಿಯಲ್ಲಿ, "ಲೇ, ಚಪ್ಪಲಿ ಹಾಕ್ಕೊ, ಒಂದು ಸುತ್ತು ನಡೆದು ಬಾ" ಅಂತ ರೆಕಾರ್ಡ್ ಮಾಡಿಕೊಂಡರು.

ಪೆರೋಲ್ ಮೇಲೆ ಹೊರಬರುವವರ ವಿಷಯ ಬೇರೆ, ಅದರಲ್ಲೂ ಹೆರಾಯಿನ್ ಥರದ್ದು ತೆಗೆದುಕೊಳ್ಳುತ್ತಿದ್ದವರದ್ದು. ಒಳಗಿದ್ದಷ್ಟು ದಿನ ದೇಹಕ್ಕೆ ಅಭ್ಯಾಸ ತಪ್ಪಿರುತ್ತದೆ. ಹೊರಗೆ ಬಂದು ಹಳೆಯ ಅಳತೆಯಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ವಾಷಿಂಗ್ಟನ್ ರಾಜ್ಯದಲ್ಲಿ ಜೈಲಿನಿಂದ ಹೊರಬಂದ 30,237 ಜನರ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮೊದಲ ಎರಡು ವಾರದಲ್ಲಿ ಮಾದಕವಸ್ತು ಜಾಸ್ತಿಯಾಗಿ ಸಾಯುವ ಅಪಾಯ ಆ ರಾಜ್ಯದ ಉಳಿದ ಜನರಿಗಿಂತ 129 ಪಟ್ಟು ಇತ್ತು. ಹಾಗಾಗಿ ಬಿಡುಗಡೆಗೆ ಮೊದಲೇ ಅವರಿಗೆ ಆ್ಯಪ್ ತೋರಿಸುತ್ತೇನೆ. ಎರಡು ವಾರ ದಿನಾ ನಾನೇ ಫೋನ್ ಮಾಡುತ್ತೇನೆ. ನಲೊಕ್ಸೋನ್ (ಹೆರಾಯಿನ್ ಜಾಸ್ತಿಯಾಗಿ ನಿಂತ ಉಸಿರನ್ನು ಮರಳಿಸುವ ಔಷಧಿ) ಎಲ್ಲಿಟ್ಟಿದ್ದೀರಿ ಅಂತ ಮನೆಯವರನ್ನೂ ಕೇಳುತ್ತೇನೆ. ಜೊತೆಗೆ ಜೇಬಿಗೆ ಒಂದು ಕಾಗದದ ಚೀಟಿ, ಅದರಲ್ಲಿ ನನ್ನ ನಂಬರ್. ಬಿಡುಗಡೆಯ ದಿನ ಎಷ್ಟೋ ಜನರ ಹತ್ತಿರ ಫೋನೇ ಇರುವುದಿಲ್ಲ.

ಸೊನ್ನೆಯವರ ಕಥೆಗೆ ಬರುತ್ತೇನೆ. ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅಂಕಿಯ ಜಾಗ ಖಾಲಿ. ಡೈರಿಯಲ್ಲಿ ಒಂದೇ ಪದ: "ಕುಡಿದೆ." ಹತ್ತು ಗಂಟೆಗೆ ಕರೆಸಿಕೊಂಡೆ. ನನ್ನ ಕೋಣೆಯಲ್ಲೇ ಕೂತು, ಕೈ ನಡುಗುತ್ತಿದ್ದರೂ ಅಧಿಕಾರಿಗೆ ತಾವೇ ಫೋನ್ ಮಾಡಿ ಹೇಳಿದರು. ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ವಾರಕ್ಕೆ ಎರಡು ಸಲ ಚಿಕಿತ್ಸೆಗೆ ಹೋಗಲಿ, ತಿಂಗಳು ಬಿಟ್ಟು ನೋಡೋಣ ಅಂದರು.

ಮರುದಿನ ಬೆಳಿಗ್ಗೆ ಆ್ಯಪ್ ಮತ್ತೆ ಕೇಳಿತು. ಒಂಬತ್ತು ಅಂತ ಒತ್ತಿದ್ದರು.