ಆಸ್ಪತ್ರೆ ಹೊರಗೆ ಜೀವ ಉಳಿಸುವ ತರಬೇತಿ: ಟೇಬಲ್ ಬಿಡಿ, ನೆಲಕ್ಕೆ ಇಳಿದು ಕಲಿಯಿರಿ

ನಾನು ಮೊದಲ ಸಲ ಈ ತರಬೇತಿಗೆ ಹೋದಾಗ ಅಭ್ಯಾಸಕ್ಕೆ ಬಳಸುವ ಮನುಷ್ಯಾಕಾರದ ಬೊಂಬೆಯನ್ನು ಸೊಂಟದೆತ್ತರದ ಟೇಬಲ್ ಮೇಲೆ ಮಲಗಿಸಿದ್ದರು. ಸುತ್ತ ಆರು ಜನ, ಮೇಲೆ ಒಳ್ಳೆ ಬೆಳಕು, ಕೈಗೆ ಸಿಗುವ ಹಾಗೆ ಎಲ್ಲ ಸಾಮಾನು. ಪಾಸಾದೆ, ಸರ್ಟಿಫಿಕೇಟ್ ಬಂತು. ಆಮೇಲೆ ನನಗೆ ಸಿಕ್ಕ ಮೊದಲ ರೋಗಿ ಬಾತ್‌ರೂಮಿನಲ್ಲಿ ಬಿದ್ದಿದ್ದರು. ತಲೆ ಕಮೋಡಿನ ಪಕ್ಕ, ಕಾಲು ಬಾಗಿಲಿಗೆ ಅಡ್ಡ, ನೆಲವೆಲ್ಲ ಒದ್ದೆ. ನಾವಿದ್ದದ್ದು ಇಬ್ಬರು, ಜೊತೆಗೊಂದು ಬ್ಯಾಗ್. ಕಲಿತದ್ದೆಲ್ಲ ತಲೆಯಲ್ಲಿತ್ತು, ಆದರೆ ಮಂಡಿ ಎಲ್ಲಿ ಊರಬೇಕು ಅನ್ನುವುದೇ ಗೊತ್ತಾಗಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಮೀಡಿಯಟ್ ಲೈಫ್ ಸಪೋರ್ಟ್, ಅಂದರೆ ಐಎಲ್‌ಎಸ್, ಬೇಸಿಕ್ ಲೈಫ್ ಸಪೋರ್ಟ್‌ಗಿಂತ ಒಂದು ಮೆಟ್ಟಿಲು ಮೇಲೆ, ಅಡ್ವಾನ್ಸ್ಡ್‌ಗಿಂತ ಒಂದು ಮೆಟ್ಟಿಲು ಕೆಳಗೆ. ಸಾಮಾನ್ಯವಾಗಿ ಒಂದು ದಿನದ ಕೋರ್ಸ್. ಆಂಬುಲೆನ್ಸ್ ಸಿಬ್ಬಂದಿ, ನರ್ಸ್‌ಗಳು, ಹಲ್ಲಿನ ಕ್ಲಿನಿಕ್‌ನವರು, ಆಟದ ಮೈದಾನದಲ್ಲಿ ಮೆಡಿಕಲ್ ಕೆಲಸ ನೋಡುವವರು, ಇಂಥವರಿಗೆ ಇದು. ನೀವು ಇದುವರೆಗೆ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವುದನ್ನು, ಮಾಡಿಯೇ ಇಲ್ಲ ಅಂದರೆ ಮೊದಲು ಬೇಸಿಕ್ ಮುಗಿಸಿ ಬನ್ನಿ. ಇಲ್ಲಿ ಎದೆ ಒತ್ತುವುದನ್ನು ಮೊದಲಿಂದ ಕಲಿಸುತ್ತಾ ಕೂರಲು ಸಮಯ ಇರುವುದಿಲ್ಲ.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ಕೇಳಿ. ಒಂದು ಬೊಂಬೆಗೆ ಎಷ್ಟು ಜನ? ಎದೆ ಎಷ್ಟು ಆಳ ಒತ್ತಿದ್ದೀರಿ, ಎಷ್ಟು ವೇಗ ಅಂತ ತೋರಿಸುವ ಬೊಂಬೆ ಇದೆಯಾ? ನೆಲದ ಮೇಲೆ, ಇಕ್ಕಟ್ಟಿನಲ್ಲಿ, ಕಾರಿನೊಳಗೆ, ಮೆಟ್ಟಿಲ ಮೇಲೆ ಅಭ್ಯಾಸ ಮಾಡಿಸುತ್ತೀರಾ? ಈ ಮೂರನೇ ಪ್ರಶ್ನೆಗೆ ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಇಡೀ ದಿನ ಸ್ಲೈಡ್ ತೋರಿಸಿ ಕಳಿಸುವ ಕೋರ್ಸ್ ನಿಮ್ಮ ಕೈಗೆ ಏನೂ ಕಲಿಸುವುದಿಲ್ಲ. ಹೋಗುವ ದಿನ ಮಂಡಿ ಊರಿ ಕೂರಲು ಆಗುವ ಬಟ್ಟೆ ಹಾಕಿಕೊಳ್ಳಿ.

ಈಗ ಕೆಲಸಕ್ಕೆ ಬರೋಣ. ಮೊದಲು ಜಾಗ ನೋಡಿ: ಕರೆಂಟು, ಗ್ಯಾಸು, ಗಾಡಿಗಳು. ನಂತರ ರೋಗಿಯನ್ನು ತಟ್ಟಿ ಕರೆಯಿರಿ. ಉಸಿರನ್ನು 10 ಸೆಕೆಂಡ್‌ಗಿಂತ ಜಾಸ್ತಿ ನೋಡಬೇಡಿ. ಇಲ್ಲೇ ತುಂಬಾ ಜನ ಮೋಸ ಹೋಗುವುದು. ಹೃದಯ ನಿಂತ ಮೊದಲ ಕೆಲವು ನಿಮಿಷ ಕೆಲವರು ಮೀನು ಬಾಯಿ ಬಿಟ್ಟ ಹಾಗೆ ಆಗಾಗ ಒಂದೊಂದು ಗುಟುಕು ಗಾಳಿ ಎಳೆಯುತ್ತಾರೆ, ಗೊರಕೆ ತರ ಸದ್ದೂ ಬರುತ್ತದೆ, ನೋಡಿದವರು "ಉಸಿರಾಡ್ತಿದ್ದಾರಲ್ಲ" ಅಂತ ಸುಮ್ನೆ ನಿಂತುಬಿಡುತ್ತಾರೆ. ಅದು ಉಸಿರಲ್ಲ. ಎಚ್ಚರ ಇಲ್ಲ, ಸರಿಯಾದ ಉಸಿರೂ ಇಲ್ಲ ಅಂದರೆ ಒತ್ತಲು ಶುರು ಮಾಡಿ. ಹಾಗೆ ಗುಟುಕು ಗಾಳಿ ಎಳೆಯುವುದರ ವಿಡಿಯೊ ತೋರಿಸಲು ತರಬೇತಿ ಕೊಡುವವರನ್ನು ಕೇಳಿ. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಇಕ್ಕಟ್ಟಿನ ಜಾಗವಾದರೆ ಮೊದಲು ರೋಗಿಯನ್ನು ತೆರೆದ ಜಾಗಕ್ಕೆ ಎಳೆಯಿರಿ. ಕೆಲವು ಸೆಕೆಂಡ್ ಹೋಗುತ್ತವೆ, ಹೋಗಲಿ. ಸುತ್ತ ಜಾಗ ಇಲ್ಲದೆ ಅರ್ಧಂಬರ್ಧ ಒತ್ತುತ್ತಾ ಹತ್ತು ನಿಮಿಷ ಕಳೆಯುವುದಕ್ಕಿಂತ ಅದು ಎಷ್ಟೋ ಮೇಲು. ತರಬೇತಿಯಲ್ಲಿ ಬೊಂಬೆಯನ್ನಲ್ಲ, ನಿಮ್ಮ ಜೊತೆಯವರನ್ನೇ ಮಲಗಿಸಿ ಎಳೆದು ನೋಡಿ. ನಿಜವಾದ ಮೈಭಾರ ಆಗ ಗೊತ್ತಾಗುತ್ತದೆ.

ಎದೆ ಒತ್ತುವ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ: ದೊಡ್ಡವರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120, 30 ಒತ್ತಿಗೆ 2 ಉಸಿರು. 1960ರಲ್ಲಿ ಅಮೆರಿಕದ ಸಂಶೋಧಕ ಕೌವನ್‌ಹೋವನ್ ಮತ್ತು ಅವರ ಜೊತೆಗಾರರು ಎದೆ ಸೀಳದೆ ಹೊರಗಿಂದಲೇ ಒತ್ತಬಹುದು ಎಂದು ಬರೆದಾಗ, ಇದಕ್ಕೆ ಬೇಕಿರುವುದು ಎರಡು ಕೈ ಅಷ್ಟೇ ಎಂದಿದ್ದರು. ನಿಜ, ಆದರೆ ಆ ಕೈಗಳು ಎರಡು ನಿಮಿಷದಲ್ಲಿ ಸೋಲುತ್ತವೆ, ಸೋತದ್ದು ಒತ್ತುವವರಿಗೇ ಗೊತ್ತಾಗುವುದಿಲ್ಲ. ಆಳ ಕಡಿಮೆಯಾಗುತ್ತದೆ, ಮೇಲೆ ಬರುವಾಗ ಭಾರ ಪೂರ್ತಿ ತೆಗೆಯದೆ ಎದೆ ಮೇಲೇ ಒರಗಿಕೊಳ್ಳುತ್ತಾರೆ. ಎದೆ ಪೂರ್ತಿ ಮೇಲೆದ್ದರೆ ತಾನೇ ಹೃದಯಕ್ಕೆ ಮತ್ತೆ ರಕ್ತ ತುಂಬುವುದು? ಅದಕ್ಕೇ "ನನಗೆ ಸುಸ್ತಾಗಿಲ್ಲ" ಅಂದರೂ ಎರಡು ನಿಮಿಷಕ್ಕೆ ಕೈ ಬದಲಾಯಿಸಿ. ಬದಲಾಯಿಸುವವರು ಎದುರು ಬದಿ ಮಂಡಿ ಊರಿ ಮೊದಲೇ ಸಿದ್ಧವಾಗಿರಬೇಕು.

ಇನ್ನು ಅಂಬು ಬ್ಯಾಗ್, ಅಂದರೆ ಮುಖಕ್ಕೆ ಮಾಸ್ಕ್ ಇಟ್ಟು ಕೈಯಲ್ಲಿ ಹಿಂಡಿ ಉಸಿರು ಕೊಡುವ ಚೀಲ. ಇಡೀ ಕೋರ್ಸಿನಲ್ಲಿ ಜಾಸ್ತಿ ಸಮಯ ಇದಕ್ಕೇ ಕೊಡಿ ಅನ್ನುತ್ತೇನೆ, ಯಾಕೆಂದರೆ ನೋಡಲು ಸುಲಭ, ಮಾಡಲು ಕಷ್ಟ. ಹೆಬ್ಬೆರಳು ತೋರುಬೆರಳು ಮಾಸ್ಕ್ ಮೇಲೆ ಬಳೆಯ ಹಾಗೆ, ಉಳಿದ ಮೂರು ಬೆರಳು ದವಡೆಯ ಕೆಳಗೆ. ಆ ಮೂರು ಬೆರಳು ಎಲುಬಿನ ಮೇಲಿರಬೇಕು, ಗದ್ದದ ಕೆಳಗಿನ ಮೆತ್ತನೆಯ ಮಾಂಸ ಒತ್ತಿದರೆ ನಾಲಿಗೆ ಮೇಲೆದ್ದು ಉಸಿರಿನ ದಾರಿಗೇ ಅಡ್ಡ ಬರುತ್ತದೆ. ಹೊಸಬರೆಲ್ಲ ಮಾಸ್ಕನ್ನು ಮುಖಕ್ಕೆ ಅದುಮುತ್ತಾರೆ, ಕತ್ತು ಮುಂದಕ್ಕೆ ಬಾಗುತ್ತದೆ, ಪಕ್ಕದಿಂದ ಪುಸ್ ಅಂತ ಗಾಳಿ ಸೋರುತ್ತದೆ. ಅದುಮಬೇಡಿ, ದವಡೆಯನ್ನೇ ಮಾಸ್ಕಿನೊಳಕ್ಕೆ ಎತ್ತಿ ತನ್ನಿ. ಆ ಸದ್ದು ನಿಂತ ಗಳಿಗೆ ಬೊಂಬೆಯ ಎದೆ ಮೆಲ್ಲಗೆ ಏಳುತ್ತದೆ ನೋಡಿ, ಆ ಹಿಡಿತ ಕೈಗೆ ನೆನಪಿರುವವರೆಗೆ ಮಾಡುತ್ತಲೇ ಇರಿ. ಇಬ್ಬರಿದ್ದರೆ ಒಬ್ಬರು ಎರಡೂ ಕೈಯಲ್ಲಿ ಮಾಸ್ಕ್ ಹಿಡಿಯಲಿ, ಎದೆ ಒತ್ತುವವರೇ 30 ಆದಮೇಲೆ ಕೈ ಚಾಚಿ ಬ್ಯಾಗ್ ಹಿಂಡಲಿ. ದೊಡ್ಡವರ ಬ್ಯಾಗಿನಲ್ಲಿ ಸುಮಾರು ಒಂದೂವರೆ ಲೀಟರ್ ಹಿಡಿಯುತ್ತದೆ, ಬೇಕಿರುವುದು 500ರಿಂದ 600 ಮಿ.ಲೀ. ಅಷ್ಟೇ. ಒಂದು ಸೆಕೆಂಡಿನಲ್ಲಿ, ಎದೆ ಏಳುವಷ್ಟು. ಗಾಬರಿಯಲ್ಲಿ ಪೂರ್ತಿ ಹಿಂಡಿದರೆ ಗಾಳಿ ಹೊಟ್ಟೆಗೆ ಹೋಗಿ ವಾಂತಿ ಬರುತ್ತದೆ, ಆಗ ಅದನ್ನು ಬಾಯಿಂದ ಹೀರಿ ತೆಗೆಯುವ ಸಕ್ಷನ್ ಹುಡುಕಬೇಕು. ಸಕ್ಷನ್ ಕೊಳವೆಯನ್ನು ಕಣ್ಣಿಗೆ ಕಾಣುವಷ್ಟು ಆಳಕ್ಕೆ ಮಾತ್ರ ಹಾಕಿ. ನಾಲಿಗೆ ಅಡ್ಡ ಬರದಂತೆ ಬಾಯೊಳಗಿಡುವ ಏರ್‌ವೇ ಕೊಳವೆಯ ಅಳತೆ ಮುಂದಿನ ಹಲ್ಲಿನಿಂದ ದವಡೆಯ ಮೂಲೆವರೆಗೆ. ರೋಗಿಗೆ ಓಕರಿಕೆ ಬಂದರೆ ತೆಗೆದುಬಿಡಿ. ಗಂಟಲೊಳಗೆ ಕೂರಿಸುವ ಐ-ಜೆಲ್‌ನಂಥ ಸಾಧನ ಕಲಿಸಿದರೆ ಖಂಡಿತ ಕಲಿಯಿರಿ, ಆದರೆ ಮಾಸ್ಕ್ ಹಿಡಿತ ಬರದೆ ಅದರ ಮೇಲೆ ಭರವಸೆ ಇಡಬೇಡಿ.

ಎಇಡಿ, ಅಂದರೆ ಹೃದಯಕ್ಕೆ ಶಾಕ್ ಕೊಡುವ ಯಂತ್ರ, ಬಂದ ತಕ್ಷಣ ಆನ್ ಮಾಡಿ, ಅದು ಹೇಳಿದ್ದನ್ನು ಕೇಳಿ. ಶಾಕ್ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಕರಗುತ್ತದೆ. ಒಂದು ಪ್ಯಾಡ್ ಬಲ ಕೊರಳೆಲುಬಿನ (ಕಾಲರ್ ಬೋನ್) ಕೆಳಗೆ, ಇನ್ನೊಂದು ಎಡ ಕಂಕುಳ ಕೆಳಗೆ, ಸಾಕಷ್ಟು ಪಕ್ಕಕ್ಕೆ. ತುಂಬಾ ಜನ ಎರಡನೆಯದನ್ನು ಎದೆ ಮುಂದೆಯೇ ಅಂಟಿಸಿಬಿಡುತ್ತಾರೆ. ಎದೆ ಒದ್ದೆಯಿದ್ದರೆ ಒರೆಸಿ, ಕೂದಲು ಜಾಸ್ತಿಯಿದ್ದರೆ ರೇಜರ್ ಆಡಿಸಿ, ಆಕ್ಸಿಜನ್ ಮಾಸ್ಕನ್ನು ಒಂದು ಮೀಟರ್ ದೂರ ಸರಿಸಿ. ಒಬ್ಬರು ಪ್ಯಾಡ್ ಅಂಟಿಸುವಾಗ ಇನ್ನೊಬ್ಬರು ಒತ್ತುವುದನ್ನು ನಿಲ್ಲಿಸಬಾರದು. ಶಾಕ್ ಆದಮೇಲೆ ನಾಡಿ ಹುಡುಕಬೇಡಿ, ತಕ್ಷಣ ಒತ್ತಿ. ಯಂತ್ರ "ಶಾಕ್ ಬೇಡ" ಅಂದಾಗ ಹೊಸಬರು ಸಮಾಧಾನದ ಉಸಿರು ಬಿಟ್ಟು ಕೈ ತೆಗೆಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ರೋಗಿ ಹುಷಾರಾದರು ಅಂತ ಅದರ ಅರ್ಥ ಅಲ್ಲ. ಶಾಕಿನಿಂದ ಸರಿಹೋಗದ ಲಯವೂ ಇರಬಹುದು. ಕಣ್ಣು ಬಿಡುವುದು, ಕೈಕಾಲು ಆಡಿಸುವುದು, ಸರಿಯಾಗಿ ಉಸಿರಾಡುವುದು ಕಾಣದಿದ್ದರೆ ಒತ್ತುತ್ತಲೇ ಇರಿ.

ಹೃದಯ ನಿಲ್ಲುವ ಮೊದಲೇ ತಡೆಯುವುದೂ ಈ ಕೋರ್ಸಿನ ದೊಡ್ಡ ಭಾಗ. ಉಸಿರಿನ ದಾರಿ, ಉಸಿರು, ರಕ್ತ ಸಂಚಾರ, ಎಚ್ಚರ, ಕೊನೆಗೆ ಮೈಯೆಲ್ಲ ನೋಡುವುದು, ಈ ಎಬಿಸಿಡಿಇ ಕ್ರಮವನ್ನು ಮನೆಯವರ ಮೇಲೆ ಜೋರಾಗಿ ಹೇಳುತ್ತಾ ಮಾಡಿ ನೋಡಿ. ಸಿಕ್ಕ ತೊಂದರೆ ಸರಿಮಾಡದೆ ಮುಂದಿನ ಅಕ್ಷರಕ್ಕೆ ಹೋಗಬೇಡಿ. ಈ ಕ್ರಮ ಬದಲಾಗುವುದು ರಕ್ತ ಚಿಮ್ಮುತ್ತಿರುವಾಗ ಮಾತ್ರ: ಅಲ್ಲಿ ಮೊದಲು ಗಾಯ ಒತ್ತಿ ಹಿಡಿಯಿರಿ, ಕೈಕಾಲಿನ ಗಾಯ ಅದಕ್ಕೂ ನಿಲ್ಲದಿದ್ದರೆ ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ ರಕ್ತ ತಡೆಯುವ ಪಟ್ಟಿ, ಟೂರ್ನಿಕೆಟ್, ಬಿಗಿದು ಸಮಯ ಬರೆದಿಡಿ. ಜೋರು ಅಲರ್ಜಿಯಲ್ಲಿ ಉಸಿರು ಕಟ್ಟಿದರೆ ಅಥವಾ ಬಿಪಿ ಬಿದ್ದರೆ ದೊಡ್ಡವರಿಗೆ ಅಡ್ರಿನಲಿನ್ ಇಂಜೆಕ್ಷನ್ 0.5 ಮಿ.ಗ್ರಾಂ. ತೊಡೆಯ ಹೊರಬದಿಯ ಸ್ನಾಯುವಿಗೆ, ಸುಧಾರಿಸದಿದ್ದರೆ 5 ನಿಮಿಷಕ್ಕೆ ಮತ್ತೆ. ಅವರನ್ನು ಎಬ್ಬಿಸಿ ನಡೆಸಲೇಬೇಡಿ. ಹೃದಯ ನಿಂತವರು ನೀರಲ್ಲಿ ಮುಳುಗಿದವರಾದರೆ ಎದೆ ಒತ್ತುವುದಕ್ಕಿಂತ ಉಸಿರು ಮೊದಲು, ಮಕ್ಕಳಿಗೂ ಕೆಲವು ಮಾರ್ಗಸೂಚಿಗಳು ಹಾಗೇ ಹೇಳುತ್ತವೆ. ಎಷ್ಟು ಉಸಿರು ಅನ್ನುವುದನ್ನು ನಿಮ್ಮ ಕೋರ್ಸ್ ಅನುಸರಿಸುವ ಮಾರ್ಗಸೂಚಿ ಹೇಳಿದಂತೆಯೇ ಮಾಡಿ.

ಸುತ್ತ ನಿಂತವರೊಂದಿಗೆ ಮಾತಾಡುವುದನ್ನೂ ಅಭ್ಯಾಸ ಮಾಡಿ. "ಯಾರಾದ್ರೂ ಆಂಬುಲೆನ್ಸ್‌ಗೆ ಫೋನ್ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ. "ನೀಲಿ ಶರ್ಟಿನವರೇ, ನೀವು ಫೋನ್ ಮಾಡಿ, ಸ್ಪೀಕರ್ ಹಾಕಿ, ಇಲ್ಲೇ ನಿಲ್ಲಿ." ಮನೆಯವರಿಗೆ ನಡೆಯುತ್ತಿರುವುದನ್ನು ಸರಳವಾಗಿ ಹೇಳಿ, ಸುಳ್ಳು ಧೈರ್ಯ ಕೊಡಬೇಡಿ.

ಕೋರ್ಸ್ ಮುಗಿದ ಮೂರರಿಂದ ಆರು ತಿಂಗಳಲ್ಲಿ ಕೈ ಮರೆಯಲು ಶುರುವಾಗುತ್ತದೆ, ಸರ್ಟಿಫಿಕೇಟಿನ ತಾರೀಕು ಏನೇ ಇರಲಿ. ತಿಂಗಳಿಗೆ ಹತ್ತು ನಿಮಿಷ ಸಾಕು. ನಿಜವಾಗಿ ಜೊತೆಗೆ ಕೆಲಸ ಮಾಡುವವರ ಜೊತೆ, ನಿಮ್ಮದೇ ಬ್ಯಾಗ್ ಇಟ್ಟುಕೊಂಡು, ದೀಪ ಆರಿಸಿ, ಮಾಸ್ಕ್ ಯಾವ ಜೇಬಿನಲ್ಲಿದೆ ಅಂತ ಕೈಯಲ್ಲೇ ಹುಡುಕಿ. ಹಾಗೇ ಪ್ಯಾಡಿನ ಎಕ್ಸ್‌ಪೈರಿ, ಎಇಡಿ ಬ್ಯಾಟರಿ, ಆಕ್ಸಿಜನ್ ಸಿಲಿಂಡರಿನ ಮುಳ್ಳು ಕೂಡ ನೋಡಿಬಿಡಿ. ಒಂದು ಒಣ ಟವೆಲ್, ಒಂದು ರೇಜರ್ ಮೇಲಿನ ಜೇಬಿನಲ್ಲೇ ಇರಲಿ.