ಸ್ಟೋರೇಜ್ ಕೋಣೆ ಬಾಡಿಗೆಗೆ ಹಿಡಿಯುವ ಮುನ್ನ ಪೂರ್ತಿ ಲೆಕ್ಕ ಹಾಕುವುದು ಹೇಗೆ?

ಮನೆ ರಿಪೇರಿಗೆ ಬಂದಾಗ, ಒಂದು ಮನೆ ಬಿಟ್ಟು ಇನ್ನೊಂದು ಸಿಗುವ ತನಕ, ಕೆಲಸದ ಮೇಲೆ ವರ್ಷಗಟ್ಟಲೆ ದೂರ ಹೋಗುವಾಗ ಸಾಮಾನು ಇಡಲು ಜನ ಸೆಲ್ಫ್ ಸ್ಟೋರೇಜ್ ಕೋಣೆ ಹಿಡಿಯುತ್ತಾರೆ. ಕೋಣೆ ಕಂಪನಿಯದು, ಸಾಮಾನು ನಿಮ್ಮದು, ಕೀಲಿ ನಿಮ್ಮ ಕೈಯಲ್ಲಿ. ಒಳ್ಳೆಯ ಅನುಕೂಲವೇ. ಆದರೆ ನನ್ನ ಹತ್ತಿರದವರಲ್ಲೇ ನಾಲ್ಕೈದು ಜನ ಇದರಲ್ಲಿ ಕೈ ಸುಟ್ಟುಕೊಂಡಿದ್ದಾರೆ. ಎಲ್ಲರೂ ಎಡವಿದ್ದು ಒಂದೇ ಜಾಗದಲ್ಲಿ: ಲಾರಿ ಹೊರಗೆ ಕಾಯುತ್ತಿದೆ, ಕೌಂಟರಿನಲ್ಲಿ ಹನ್ನೆರಡು ಪುಟದ ಕರಾರು, 'ಇಲ್ಲೊಂದು ಸಹಿ, ಇಲ್ಲೊಂದು ಸಹಿ' ಅನ್ನುವ ಹೊತ್ತಿನಲ್ಲಿ. ಹಾಗಾಗಿ ಮೊದಲ ಮಾತು: ಸಾಮಾನು ಸಾಗಿಸುವ ದಿನ ಸಹಿ ಹಾಕಬೇಡಿ. ಕನಿಷ್ಠ ಮೂರು ದಿನ ಮೊದಲೇ ಕರಾರು ಮೇಲ್‌ನಲ್ಲಿ ತರಿಸಿಕೊಂಡು ಮನೆಯಲ್ಲಿ ಕೂತು ಓದಿ.

ಹಂತ 1: ಅಳತೆ

ಬಾಡಿಗೆ ಲೆಕ್ಕ ಹಾಕುವುದು ನೆಲದ ಅಳತೆಗೆ, ಎತ್ತರಕ್ಕೆ ಬೇರೆ ದುಡ್ಡಿಲ್ಲ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಗೆ 8 ಅಡಿ ಎತ್ತರವಿದ್ದರೆ 800 ಘನ ಅಡಿ ಜಾಗ. ಎದೆಮಟ್ಟಕ್ಕೆ ಜೋಡಿಸಿ ಬಿಟ್ಟರೆ ಅರ್ಧ ಕೋಣೆಗೆ ಸುಮ್ಮನೆ ಬಾಡಿಗೆ ಕಟ್ಟಿದ ಹಾಗೆ. ಕರಾರಿನಲ್ಲಿ 'ಅಳತೆಗಳು ಅಂದಾಜು' ಎಂಬ ಸಾಲು ಸಾಮಾನ್ಯವಾಗಿ ಇರುತ್ತದೆ. ಟೇಪು ಹಿಡಿದು ಹೋಗಿ ನೀವೇ ಅಳೆಯಿರಿ.

ಹಂತ 2: ತಿಂಗಳ ಬಾಡಿಗೆ ಬಿಡಿ, ವರ್ಷದ ಮೊತ್ತ ಕೇಳಿ

'ಮೊದಲ ತಿಂಗಳು ಅರ್ಧ ಬಾಡಿಗೆ' ಎಂಬ ಬೋರ್ಡು ನೋಡಿ ಒಳಗೆ ಹೋಗುವವರು ಉಳಿದ ಹನ್ನೊಂದು ತಿಂಗಳ ಬಗ್ಗೆ ಕೇಳುವುದೇ ಇಲ್ಲ. ಒಂದು ಉದಾಹರಣೆ ನೋಡೋಣ. ಅಂಕಿ ನಾನು ಹಾಕಿಕೊಂಡದ್ದು, ಲೆಕ್ಕದ ರೀತಿ ಮಾತ್ರ ಎಲ್ಲ ಕಡೆಯದು. ಬಾಡಿಗೆ 100, ಮೊದಲ ಸಲ 50. ಮನಸ್ಸಿನಲ್ಲೇ ಕೂಡಿದರೆ ವರ್ಷಕ್ಕೆ 1,150.

ಈಗ ಕರಾರು ಓದಿ. ಬಿಲ್ಲು ತಿಂಗಳಿಗೊಮ್ಮೆಯೋ, 4 ವಾರಕ್ಕೊಮ್ಮೆಯೋ? 4 ವಾರಕ್ಕೊಮ್ಮೆ ಎಂದಿದ್ದರೆ ವರ್ಷದ 52 ವಾರಕ್ಕೆ 13 ಬಿಲ್ಲು ಬರುತ್ತವೆ, 12 ಅಲ್ಲ. ಬೋರ್ಡಿನ ಮೇಲೆ ವಾರದ ಬಾಡಿಗೆ ಬರೆದಿದ್ದರೆ ನಾಲ್ಕರಿಂದ ಗುಣಿಸಿ ತಿಂಗಳದ್ದು ಅಂದುಕೊಳ್ಳಬೇಡಿ. 52ರಿಂದ ಗುಣಿಸಿ 12ರಿಂದ ಭಾಗಿಸಿ. ಆರು ಬಿಲ್ಲು ಮುಗಿದ ಮೇಲೆ ಬಾಡಿಗೆ 120ಕ್ಕೆ ಏರಿತು ಎಂದುಕೊಳ್ಳಿ. ಮೊದಲ ಬಿಲ್ಲು 50, ಮುಂದಿನ ಐದಕ್ಕೆ 500, ಕೊನೆಯ ಏಳಕ್ಕೆ 840. ಬಾಡಿಗೆಯೇ 1,390 ಆಯಿತು. ಪ್ರತಿ ಬಿಲ್ಲಿನ ಜೊತೆ ವಿಮೆ 15ರಂತೆ 195. ದಾಖಲಾತಿ ಶುಲ್ಕ, ಬೀಗ ಸೇರಿ 35. ಒಟ್ಟು 1,620. ಮನಸ್ಸಿನಲ್ಲಿದ್ದ ಮೊತ್ತಕ್ಕಿಂತ 470 ಹೆಚ್ಚು, ಅಂದರೆ ಶೇ 41ರಷ್ಟು. ತೆರಿಗೆ ಇನ್ನೂ ಸೇರಿಲ್ಲ. ಮುಂಗಡವನ್ನೂ ಇದರಲ್ಲಿ ಹಿಡಿದಿಲ್ಲ, ಅದು ವಾಪಸು ಬರುವ ದುಡ್ಡು. ಬರುತ್ತದೆಯೋ ಇಲ್ಲವೋ ಎಂಬುದು ಕೊನೆಯ ಹಂತದ ವಿಷಯ.

ತೆರಿಗೆಯನ್ನು ಹಗುರವಾಗಿ ನೋಡಬೇಡಿ. ಬ್ರಿಟನ್ನಿನಲ್ಲಿ 2012ರ ಅಕ್ಟೋಬರ್ 1ರಿಂದ ಸೆಲ್ಫ್ ಸ್ಟೋರೇಜ್ ಬಾಡಿಗೆಯ ಮೇಲೆ ಶೇ 20 ವ್ಯಾಟ್ ಇದೆ. ನೀವಿರುವ ಕಡೆ ದರ ಎಷ್ಟೇ ಇರಲಿ, ಹೇಳಿದ ಬಾಡಿಗೆ ತೆರಿಗೆ ಸೇರಿಸಿಯೋ ಸೇರಿಸದೆಯೋ ಎಂದು ಕೇಳಿ.

ರಿಯಾಯಿತಿ ಬಾಡಿಗೆಗೆ ಮಾತ್ರ ಅನ್ವಯ, ವಿಮೆಗೆ ಅಲ್ಲ. ಅರ್ಧ ಬಾಡಿಗೆಯ ತಿಂಗಳಲ್ಲೂ ವಿಮೆಯ ದುಡ್ಡು ಪೂರ್ತಿಯೇ ಹೋಗುತ್ತದೆ. ಬಾಡಿಗೆ ಏರಿಕೆಗೆ ಎಷ್ಟು ದಿನ ಮುಂಚೆ ತಿಳಿಸುತ್ತಾರೆ, ವರ್ಷಕ್ಕೆ ಎಷ್ಟು ಸಲ ಏರಿಸಬಹುದು, ಮಿತಿ ಇದೆಯೇ? ಈ ಮೂರಕ್ಕೂ ಬರಹದಲ್ಲೇ ಉತ್ತರ ಪಡೆಯಿರಿ. 'ಸದ್ಯಕ್ಕೇನೂ ಏರಿಸಲ್ಲ' ಎಂಬ ಬಾಯಿಮಾತು ಕರಾರಿನ ಮುಂದೆ ನಿಲ್ಲುವುದಿಲ್ಲ.

ಹಂತ 3: ವಿಮೆ

ಇಲ್ಲಿ ನಿಧಾನಿಸಿ. ಉಳಿದೆಲ್ಲ ಖರ್ಚಿನಲ್ಲಿ ಮೋಸ ಹೋದರೆ ನೂರಿನ್ನೂರು ಹೋಗುತ್ತದೆ, ಇಲ್ಲಿ ಎಡವಿದರೆ ಮನೆ ಸಾಮಾನೇ ಹೋಗುತ್ತದೆ.

'ವಿಮೆ ಕಡ್ಡಾಯ' ಎಂದು ಕೌಂಟರಿನಲ್ಲಿ ಹೇಳುವ ಮಾತಿಗೆ ಎರಡು ಅರ್ಥವಿದೆ. ಸಾಮಾನಿಗೆ ವಿಮೆ ಇರಲೇಬೇಕು ಎಂಬುದು ಒಂದು. ನಮ್ಮಿಂದಲೇ ಕೊಳ್ಳಬೇಕು ಎಂಬುದು ಇನ್ನೊಂದು. ಬಹಳಷ್ಟು ಕರಾರುಗಳಲ್ಲಿ ಬರೆದಿರುವುದು ಮೊದಲನೆಯದು, ಕೌಂಟರಿನಲ್ಲಿ ಕೇಳಿಸುವುದು ಎರಡನೆಯದು. 'ನನ್ನದೇ ಪಾಲಿಸಿ ತಂದರೆ ಒಪ್ಪುತ್ತೀರಾ? ಯಾವ ಕಾಗದ ತೋರಿಸಬೇಕು? ಎಷ್ಟು ದಿನದೊಳಗೆ?' ಎಂದು ನೇರವಾಗಿ ಕೇಳಿ. ಗಡುವು ತಪ್ಪಿದರೆ ಅವರ ಯೋಜನೆಗೆ ನಿಮ್ಮನ್ನು ತಾವಾಗಿ ಸೇರಿಸಿಬಿಡುವ ಶರತ್ತು ಇರಬಹುದು. ನನ್ನ ಗೆಳೆಯನೊಬ್ಬ ಸ್ವಂತ ಪಾಲಿಸಿ ಇದ್ದೂ ಅದರ ಪ್ರತಿ ಕಳಿಸುವುದು ಮರೆತು ಎಂಟು ತಿಂಗಳು ಎರಡೂ ಕಡೆ ಕಟ್ಟಿದ.

ಕಡ್ಡಾಯ ಮಾಡುವುದೇ ಅನ್ಯಾಯ ಎಂದು ನಾನು ಹೇಳುವುದಿಲ್ಲ. ಕರಾರಿನಲ್ಲಿ ಕಂಪನಿಯ ಹೊಣೆ ಎಂಬ ಭಾಗ ತೆಗೆದು ನೋಡಿ: ಬೆಂಕಿ, ನೀರು, ಕಳವು, ಇಲಿ, ಯಾವುದಕ್ಕೂ ತಾವು ಹೊಣೆಯಲ್ಲ, ಹೊಣೆ ಬಂದರೂ ಇಂತಿಷ್ಟೇ ಎಂದು ಸಣ್ಣ ಮೊತ್ತವೊಂದನ್ನು ಬರೆದಿರುತ್ತಾರೆ. ಅಂಥ ಕಡೆ ವಿಮೆ ಇಲ್ಲದೆ ಸಾಮಾನು ಇಡಬಾರದು. ಪ್ರಶ್ನೆ ಇರುವುದು ಯಾವ ವಿಮೆ, ಎಷ್ಟು ಮೊತ್ತಕ್ಕೆ ಎಂಬುದರಲ್ಲಿ.

ಮೊದಲು ನಿಮ್ಮ ಮನೆ ವಿಮೆಯ ಪಾಲಿಸಿ ತೆಗೆಯಿರಿ. ಮನೆಯಿಂದ ಹೊರಗಿರುವ ಸಾಮಾನಿಗೆ ಅದು ಅನ್ವಯಿಸುತ್ತದೆಯೇ, ಎಷ್ಟರವರೆಗೆ? ಅಮೆರಿಕದ ಮನೆ ವಿಮೆಯಲ್ಲಿ ಬಹುಪಾಲು ಅನುಸರಿಸುವ ಮಾದರಿ ಪಾಲಿಸಿಯ 2011ರ ಆವೃತ್ತಿಯಲ್ಲಿ ಸ್ಟೋರೇಜ್ ಕೋಣೆಯಲ್ಲಿಟ್ಟ ಸಾಮಾನಿಗೆಂದೇ ಮಿತಿಯಿದೆ: ಮನೆ ಸಾಮಾನಿನ ಒಟ್ಟು ವಿಮಾ ಮೊತ್ತದ ಶೇ 10 ಅಥವಾ 1,000 ಡಾಲರ್, ಎರಡರಲ್ಲಿ ಯಾವುದು ಹೆಚ್ಚೋ ಅದು. 'ಮನೆ ವಿಮೆ ಇದೆಯಲ್ಲ' ಎಂದು ನೆಮ್ಮದಿಯಾಗಿರುವವರು ಈ ಶೇ 10 ನೋಡಿರುವುದಿಲ್ಲ.

ಇನ್ನು ಕಂಪನಿ ಮಾರುವ ಯೋಜನೆ. ಅದರ ಹೆಸರಿನಲ್ಲಿ 'ವಿಮೆ' ಎಂಬ ಪದ ಇದೆಯೇ ನೋಡಿ. 'ಪ್ರೊಟೆಕ್ಷನ್ ಪ್ಲಾನ್' ಎಂದಿದ್ದರೆ ಅದು ವಿಮೆಯಾಗಿರದೆ, ಕಂಪನಿಯೇ ಕೊಡುವ ಭರವಸೆ ಮಾತ್ರ ಆಗಿರಬಹುದು. ಆಗ ಹಿಂದೆ ವಿಮಾ ಕಂಪನಿ ಇರುವುದಿಲ್ಲ, ವಿಮಾ ನಿಯಂತ್ರಕರ ಬಳಿ ದೂರು ಒಯ್ಯುವ ದಾರಿಯೂ ಇರದೆ ಹೋಗಬಹುದು. ಬಿಲ್ಲಿನ ತೆರಿಗೆ ಸಾಲು ಕೆಲವು ಕಡೆ ಸುಳಿವು ಕೊಡುತ್ತದೆ. ಬ್ರಿಟನ್ನಿನಲ್ಲಿ ನಿಜವಾದ ವಿಮೆಯಾದರೆ 2017ರ ಜೂನ್‌ನಿಂದ ಶೇ 12ರ ವಿಮಾ ಪ್ರೀಮಿಯಂ ತೆರಿಗೆ ಬೀಳುತ್ತದೆ. ಅದರ ಬದಲು ವ್ಯಾಟ್ ಹಾಕಿದ್ದರೆ ಕೊಂಡದ್ದೇನು ಎಂದು ಕೇಳಲೇಬೇಕು.

ಈಗ ಎಲ್ಲರೂ ತಪ್ಪು ಮಾಡುವ ಖಾಲಿ ಜಾಗಕ್ಕೆ ಬರೋಣ. ಫಾರ್ಮಿನಲ್ಲಿ 'ಸಾಮಾನಿನ ಒಟ್ಟು ಮೌಲ್ಯ' ಎಂದು ಒಂದು ಚೌಕ ಇರುತ್ತದೆ. ನನ್ನಕ್ಕ ಆ ಚೌಕದ ಮುಂದೆ ಪೆನ್ನು ಹಿಡಿದು, 'ಕಡಿಮೆ ಬರೆದರೆ ವಿಮೆ ಕಡಿಮೆ ಬರುತ್ತಂತೆ' ಎಂದು 10,000 ಬರೆದಳು. ಒಳಗಿದ್ದ ಸಾಮಾನು ಹೊಸದಾಗಿ ಕೊಂಡರೆ 40,000ಕ್ಕೆ ಕಡಿಮೆ ಇರಲಿಲ್ಲ. ಕೆಲವು ತಿಂಗಳಾದ ಮೇಲೆ ಮೇಲಿನ ಪೈಪು ಒಡೆದು ಸೋಫಾ, ಹಾಸಿಗೆ, ನಾಲ್ಕು ಪೆಟ್ಟಿಗೆ ಪುಸ್ತಕ ನೆನೆದವು. 6,000ದ ನಷ್ಟ. 'ಹತ್ತು ಸಾವಿರಕ್ಕೆ ವಿಮೆ ಇದೆ, ಆರು ಬರುತ್ತೆ ಬಿಡು' ಎಂದು ಅವಳಿದ್ದಳು. ಸರ್ವೆಯರ್ ಬಂದ ದಿನ ನಾನೂ ಜೊತೆಗಿದ್ದೆ. ಆತ ನೆನೆದ ಸಾಮಾನು ಬರೆದುಕೊಂಡು ನಿಲ್ಲಲಿಲ್ಲ. ಒಣಗಿಯೇ ಇದ್ದ ಬೀರು, ಊಟದ ಮೇಜು, ವಾಷಿಂಗ್ ಮೆಷಿನ್, ಬಾಗಿಲ ಹಿಂದಿನ ಸೈಕಲ್ಲು, ಎಲ್ಲವನ್ನೂ ಒಂದೊಂದಾಗಿ ಬರೆದ. 'ಅದಕ್ಕೇನೂ ಆಗಿಲ್ಲವಲ್ಲ, ಯಾಕೆ ಬರೀತೀರಿ?' ಎಂದಳು ಅಕ್ಕ.

ಬರೆದದ್ದು ಅನುಪಾತ ಹಾಕಲು. ಇದ್ದ ಸಾಮಾನಿನ ನಾಲ್ಕನೇ ಒಂದು ಭಾಗಕ್ಕೆ ಮಾತ್ರ ವಿಮೆ ಮಾಡಿಸಿದ್ದರಿಂದ ಯಾವ ನಷ್ಟಕ್ಕೂ ನಾಲ್ಕನೇ ಒಂದು ಭಾಗವೇ ಸಿಗುತ್ತದೆ. 6,000ಕ್ಕೆ 1,500. ಅದರಲ್ಲಿ ಮೊದಲ 250 ನಾವೇ ಭರಿಸಬೇಕೆಂಬ ಶರತ್ತು. ಕೈಗೆ ಬಂದದ್ದು 1,250. ವಿಮೆಯ ಭಾಷೆಯಲ್ಲಿ ಇದು 'ಆ್ಯವರೇಜ್' ನಿಯಮ. ಪಾಲಿಸಿಯಲ್ಲಿ ಈ ಪದ ಅಥವಾ 'ಅಂಡರ್ ಇನ್ಶೂರೆನ್ಸ್' ಎಂಬ ಪದ ಕಂಡರೆ ಪೂರ್ತಿ ಮೌಲ್ಯವನ್ನೇ ಬರೆಯಿರಿ. ಇದು ನನ್ನ ಖಡಾಖಂಡಿತ ಸಲಹೆ. ಪ್ರೀಮಿಯಂ ಉಳಿಸಬೇಕೆಂದಿದ್ದರೆ ಸಾಮಾನು ಕಡಿಮೆ ಇಡಿ, ಮೌಲ್ಯ ಕಡಿಮೆ ಬರೆಯಬೇಡಿ.

ಪಾಲಿಸಿಯಲ್ಲಿ ಇನ್ನೂ ಕೆಲವನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಓದಿ. ಕೊಡುವುದು ಹೊಸದರ ಬೆಲೆಯೋ, ಸವಕಳಿ ಕಳೆದ ಬೆಲೆಯೋ? ಹತ್ತು ವರ್ಷದ ಫ್ರಿಜ್‌ಗೆ ಇವೆರಡರ ನಡುವೆ ಅಜಗಜಾಂತರ. ಬೂಷ್ಟು, ತೇವ, ನುಸಿ, ಇಲಿ ಇವನ್ನು ಹಲವು ಪಾಲಿಸಿಗಳು ಹೊರಗಿಟ್ಟಿರುತ್ತವೆ. ಸ್ಟೋರೇಜ್ ಕೋಣೆಯಲ್ಲಿ ಹೆಚ್ಚಾಗಿ ಆಗುವ ಹಾನಿಯೂ ಅವೇ. ಪ್ರವಾಹವನ್ನು ಪ್ರತ್ಯೇಕವಾಗಿ ಹುಡುಕಿ, ಪೈಪು ಒಡೆದ ನೀರು ಬೇರೆ, ಹೊರಗಿಂದ ನುಗ್ಗಿದ ನೀರು ಬೇರೆ. ಕಳವಿಗೆ ಸಾಮಾನ್ಯವಾಗಿ ಬೀಗ ಅಥವಾ ಬಾಗಿಲು ಮುರಿದ ಗುರುತು ಇರಬೇಕು, ಇಲ್ಲವಾದರೆ ಕ್ಲೇಮ್ ತಿರಸ್ಕಾರ. ನಗದು, ಒಡವೆ, ಮೂಲ ದಾಖಲೆಗಳಿಗೆ ರಕ್ಷಣೆ ಇರುವುದಿಲ್ಲ ಎಂದೇ ತಿಳಿದು ಅವನ್ನು ಅಲ್ಲಿ ಇಡಲೇಬೇಡಿ. ಬಾಡಿಗೆ ಬಾಕಿ ಬಿದ್ದರೆ ವಿಮೆಯೂ ನಿಲ್ಲುತ್ತದೆಯೇ ಎಂಬುದನ್ನೂ ನೋಡಿ.

ಹಂತ 4: ಪಟ್ಟಿ ಮತ್ತು ಫೋಟೊ

ಪ್ರತಿ ಪೆಟ್ಟಿಗೆಗೆ ನಂಬರು, ತೆರೆದ ಪೆಟ್ಟಿಗೆಯ ಫೋಟೊ, ಯಂತ್ರಗಳ ಸೀರಿಯಲ್ ನಂಬರಿನ ಫೋಟೊ, ಸಿಕ್ಕ ಬಿಲ್ಲುಗಳ ಫೋಟೊ. ಎಲ್ಲವನ್ನೂ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ. ಪಟ್ಟಿಯನ್ನು ಚೆಂದವಾಗಿ ಫೈಲು ಮಾಡಿ, ಆ ಫೈಲನ್ನು ಅದೇ ಕೋಣೆಯ ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದವರನ್ನು ನೋಡಿದ್ದೇನೆ. ಬೆಂಕಿ ಬಿದ್ದರೆ ಸಾಮಾನಿನ ಜೊತೆ ಪುರಾವೆಯೂ ಹೋಗುತ್ತದೆ.

ಹಂತ 5: ಬೀಗ, ಜೋಡಣೆ

ಕಂಪನಿಯ ಬೀಗವೇ ಕೊಳ್ಳಬೇಕೋ ಕೇಳಿ. ಬೇಡವೆಂದರೆ ನೀವೇ ದುಂಡನೆಯ ಡಿಸ್ಕ್ ಬೀಗ ತನ್ನಿ, ಆದರೆ ಪಾಲಿಸಿ ಯಾವ ಬಗೆಯ ಬೀಗ ಕೇಳುತ್ತದೆಂದು ನೋಡಿಕೊಂಡು. ಡಿಸ್ಕ್ ಬೀಗದ ಕೊಂಡಿ ಬಹುಪಾಲು ಒಳಗೇ ಅಡಗಿರುತ್ತದೆ, ಕಟರ್‌ಗೆ ಸಿಗುವುದು ಕಷ್ಟ. ತೆಳು ಕೊಂಡಿಯ ಅಗ್ಗದ ಹಿತ್ತಾಳೆ ಬೀಗ ದೊಡ್ಡ ಕಟರ್‌ನ ಒಂದೇ ಒತ್ತಿಗೆ ತುಂಡಾಗುತ್ತದೆ.

ಸೋಫಾ, ಹಾಸಿಗೆಗೆ ಪ್ಲಾಸ್ಟಿಕ್ ರ್‍ಯಾಪ್ ಬಿಗಿಯಾಗಿ ಸುತ್ತುವ ಅಭ್ಯಾಸ ದಯವಿಟ್ಟು ಬಿಡಿ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಬಟ್ಟೆಯ ಮೇಲೆ ಕಪ್ಪು ಚುಕ್ಕಿಗಳಾಗಿ ಬೂಷ್ಟು ಕೂರುತ್ತದೆ. ಹಳೆಯ ಹತ್ತಿ ಬೆಡ್‌ಶೀಟು ಹೊದಿಸಿದರೆ ಸಾಕು. ತೇವ ಹೀರುವ ಡಬ್ಬಿಗಳೂ ನನಗೆ ಇಷ್ಟವಿಲ್ಲ: ಒಳಗಿನ ಕ್ಯಾಲ್ಸಿಯಂ ಕ್ಲೋರೈಡ್ ನೀರು ಹೀರಿ ಉಪ್ಪುನೀರಾಗುತ್ತದೆ, ತಿಂಗಳುಗಟ್ಟಲೆ ಯಾರೂ ಖಾಲಿ ಮಾಡುವುದಿಲ್ಲ, ಡಬ್ಬಿ ಉರುಳಿದರೆ ಕೆಳಗಿನ ಪೆಟ್ಟಿಗೆ ಹಾಳು. ನೆಲದ ಮೇಲೆ ಮರದ ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು ಜೋಡಿಸಿ.

ಹಂತ 6: ಖಾಲಿ ಮಾಡುವುದು

ಎಷ್ಟು ದಿನದ ನೋಟಿಸ್ ಬೇಕೆಂದು ಒಳಗೆ ಹೋಗುವ ದಿನವೇ ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಹೊರಡುವ ದಿನ ಫೋನ್ ಮಾಡಿ 'ಖಾಲಿ ಮಾಡಿದೆ' ಎಂದರೆ ನೋಟಿಸ್ ಅವಧಿಯ ಬಾಡಿಗೆ ಮುಂಗಡದಲ್ಲಿ ಕಡಿತವಾಗುತ್ತದೆ. ತಿಂಗಳ ಮಧ್ಯೆ ಬಿಟ್ಟರೆ ಉಳಿದ ದಿನಗಳ ದುಡ್ಡು ವಾಪಸು ಬರುತ್ತದೆಯೇ ಎಂಬುದು ಕರಾರಿನಿಂದ ಕರಾರಿಗೆ ಬೇರೆ. ನೆಲ ಗುಡಿಸಿ, ಒಂದು ಹಳೆಯ ರಟ್ಟಿನ ಪೆಟ್ಟಿಗೆಯನ್ನೂ ಬಿಡಬೇಡಿ, ಸ್ವಚ್ಛತಾ ಶುಲ್ಕ ಬೀಳುವುದು ಅದಕ್ಕೇ. ಖಾಲಿ ಕೋಣೆಯ ನಾಲ್ಕೂ ಮೂಲೆಯ ವಿಡಿಯೊ ತೆಗೆಯಿರಿ.

ಬೀಗ ತೆಗೆದುಕೊಂಡು ಹೋಗುವುದನ್ನು ಮರೆಯಬೇಡಿ. ಎಷ್ಟೋ ಕರಾರುಗಳ ಪ್ರಕಾರ ಬಾಗಿಲಿಗೆ ನಿಮ್ಮ ಬೀಗ ಇರುವವರೆಗೂ ಕೋಣೆ ನಿಮ್ಮದೇ, ಬಾಡಿಗೆಯೂ ಓಡುತ್ತಿರುತ್ತದೆ. ಬಾಕಿ ಬೆಳೆದರೆ ಕಂಪನಿ ತನ್ನ ಬೀಗವನ್ನೂ ಮೇಲೆ ಹಾಕುತ್ತದೆ, ತಡದ ದಂಡ ಸೇರುತ್ತದೆ, ಕೊನೆಗೆ ಸಾಮಾನು ಹರಾಜಿಗೂ ಹೋಗಬಹುದು. ಹಾಗಾಗಿ ಕೋಣೆ ಬಿಟ್ಟೆವೆಂದು ಅವರಿಂದ ಮೇಲ್ ಬರುವ ತನಕ ಫೋನ್ ನಂಬರನ್ನಾಗಲಿ ವಿಳಾಸವನ್ನಾಗಲಿ ಬದಲಿಸಿದರೆ ತಿಳಿಸಿ.

ಬಾಡಿಗೆ ನಿಂತರೆ ವಿಮೆ ತಾನಾಗಿ ನಿಲ್ಲುತ್ತದೆ ಎಂದುಕೊಳ್ಳಬೇಡಿ, ಅದು ಪ್ರತ್ಯೇಕ ಪಾಲಿಸಿಯಾಗಿದ್ದರೆ ರದ್ದು ಮಾಡಲು ಪ್ರತ್ಯೇಕವಾಗಿ ಬರೆಯಬೇಕು. ಮುಂದಿನ ಎರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ಪ್ರೀಮಿಯಂ ಮೊತ್ತವನ್ನು ಹೆಸರಿನಿಂದ ಹುಡುಕಬೇಡಿ, ಅಂಕಿಯಿಂದ ಹುಡುಕಿ. ವಿಮೆ ಮಾರಿದವರ ಹೆಸರು ಬೋರ್ಡಿನ ಮೇಲಿದ್ದ ಹೆಸರೇ ಆಗಿರಬೇಕೆಂದಿಲ್ಲ.